ಹಿತ್ತಿಲಿನಲ್ಲಿ ಪರ್ಮಾಕಲ್ಚರ್: ನಮ್ಮ ಕರಾವಳಿಯ ಮಳೆಗೆ ಒಗ್ಗುವ ಹಾಗೆ ಶುರು ಮಾಡುವುದು ಹೇಗೆ?

"ನಮ್ಮದು ಇಪ್ಪತ್ತೈದು ಸೆಂಟ್ಸ್ ಜಾಗ. ಪರ್ಮಾಕಲ್ಚರ್ ಮಾಡಬೇಕೂಂತ ಆಸೆ. ಯಾವೆಲ್ಲ ಗಿಡ ನೆಡಬೇಕು?" ಉಡುಪಿ, ಮಂಗಳೂರು ಕಡೆಯ ಓದುಗರು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಗಿಡದ ಮಾತು ಇಲ್ಲಿ ಬರುವುದು ಐದನೇ ಹಂತದಲ್ಲಿ. ಅಲ್ಲಿವರೆಗೆ ದಯವಿಟ್ಟು ತಾಳ್ಮೆಯಿಂದ ಓದಿ. ಮೊದಲ ನಾಲ್ಕನ್ನು ಬಿಟ್ಟು ನೇರ ನರ್ಸರಿಗೆ ಹೋದವರ ಗಿಡಗಳು ಎರಡನೇ ಮಳೆಗಾಲ ದಾಟುವುದು ಕಷ್ಟ.

ಮೊದಲಿಗೆ, ಈ ಶಬ್ದದ ಅರ್ಥ

1970ರ ದಶಕದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಎಂಬಿಬ್ಬರು ಈ ಹೆಸರಿಟ್ಟರು. 'ಪರ್ಮನೆಂಟ್' ಮತ್ತು 'ಅಗ್ರಿಕಲ್ಚರ್' ಎರಡನ್ನೂ ಸೇರಿಸಿ ಮಾಡಿದ ಶಬ್ದ. ಅವರ ಮೊದಲ ಪುಸ್ತಕ ಬಂದದ್ದು 1978ರಲ್ಲಿ. ಕನ್ನಡದಲ್ಲಿ 'ಶಾಶ್ವತ ಕೃಷಿ' ಎನ್ನುವವರಿದ್ದಾರೆ. ಆದರೆ ಇದು ಬರೀ ಕೃಷಿಗೆ ನಿಲ್ಲುವುದಿಲ್ಲ. ಮನೆ, ನೀರು, ಮಣ್ಣು, ಮರ, ಕೋಳಿ, ಮನುಷ್ಯ ಇವೆಲ್ಲ ಒಂದಕ್ಕೊಂದು ಉಪಕಾರ ಆಗುವ ಹಾಗೆ ಜೋಡಿಸುವ ಕ್ರಮ ಇದು. ಒಂದರ ಕಸ ಇನ್ನೊಂದರ ಊಟ ಆಗಬೇಕು. ಹೊರಗಿನಿಂದ ತರುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಬೇಕು.

ಇದಕ್ಕೆ ಮೂರು ನೀತಿಗಳನ್ನು ಅವರು ಹೇಳಿದ್ದಾರೆ: ಭೂಮಿಯ ಕಾಳಜಿ, ಜನರ ಕಾಳಜಿ, ಮಿಕ್ಕಿದ್ದನ್ನು ಹಂಚುವುದು. ಸಾವಯವ ಕೃಷಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳುವವರಿಗೆ ನನ್ನ ಉತ್ತರ: ಸಾವಯವ ಕೃಷಿ ಯಾವ ಗೊಬ್ಬರ ಹಾಕಬೇಕು ಎಂದು ಹೇಳುತ್ತದೆ, ಪರ್ಮಾಕಲ್ಚರ್ ಯಾವುದು ಎಲ್ಲಿರಬೇಕು, ಯಾಕೆ ಅಲ್ಲಿರಬೇಕು ಎಂದು ಕೇಳುತ್ತದೆ.

ನಮ್ಮ ಹಿರಿಯರಿಗೆ ಈ ಪ್ರಶ್ನೆ ಹೊಸದಲ್ಲ. ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ವಿಂಗಡಿಸಿದ್ದು ನೀರು ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ನೋಡಿಯೇ. ಬೈಲಿನಲ್ಲಿ ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಮಳೆಗಾಲದ್ದು ಒಂದೇ. ಬಚ್ಚಲ ನೀರು ಹರಿಯುವ ಕಡೆ ಬಸಳೆ ಚಪ್ಪರ ಹಾಕಿದ್ದೂ ಅದೇ ಲೆಕ್ಕದಲ್ಲಿ. ನಾವು ಮಾಡಬೇಕಾದದ್ದು ಈ ಲೆಕ್ಕವನ್ನು ನಮ್ಮ ಸಣ್ಣ ಜಾಗಕ್ಕೆ ಮತ್ತೆ ಹಾಕುವುದು.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್, ಕೊಡೆ, ಮೂರು ಬಿದಿರಿನ ಕೋಲು, ಹಗ್ಗ, ಒಂದು ಕಲ್ಲು, ಗುದ್ದಲಿ, ಕತ್ತಿ. ಮತ್ತೆ ಒಂದು ವರ್ಷದ ಸಮಯ. ಶುರುವಿನಲ್ಲೇ ಜೆಸಿಬಿ ತರಿಸಬೇಡಿ. ಒಂದು ದಿನದಲ್ಲಿ ಯಂತ್ರ ಕೆರೆದು ಹಾಕುವ ಮೇಲ್ಮಣ್ಣನ್ನು ಮತ್ತೆ ಮಾಡಲು ನಿಮಗೆ ಹತ್ತು ವರ್ಷ ಸಾಲದು.

ಹಂತ 1: ಒಂದು ವರ್ಷ ಜಾಗವನ್ನು ನೋಡಿ

ಮಳೆ ಬರುವ ಮೊದಲೇ, ಅಂದರೆ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ, ಪುಸ್ತಕದಲ್ಲಿ ಜಾಗದ ನಕ್ಷೆ ಬಿಡಿಸಿ. ಮನೆ, ಬಾವಿ, ಶೌಚದ ಗುಂಡಿ, ಈಗಾಗಲೇ ಇರುವ ಮರಗಳು, ಎತ್ತರದ ಬದಿ, ತಗ್ಗಿನ ಬದಿ ಇಷ್ಟು ಸಾಕು. ಚಂದ ಇರಬೇಕೆಂದಿಲ್ಲ.

ಜೂನ್‌ನಲ್ಲಿ ಮೊದಲ ಜೋರು ಮಳೆ ಹೊಡೆಯುವಾಗ ಕೊಡೆ ಹಿಡಿದು ಹೊರಗೆ ಹೋಗಿ. ಮನೆಯೊಳಗೆ ಕೂತು ಇದನ್ನು ಕಲಿಯಲು ಆಗುವುದಿಲ್ಲ. ನೀರು ಯಾವ ಮೂಲೆಯಿಂದ ಒಳಗೆ ಬರುತ್ತದೆ, ಎಲ್ಲಿ ಕೆಂಪಾಗಿ ಹರಿಯುತ್ತದೆ, ಎಲ್ಲಿ ತಿಳಿಯಾಗಿ ಹರಿಯುತ್ತದೆ ನೋಡಿ. ಕೆಂಪು ನೀರು ಹರಿಯುವ ಕಡೆ ನಿಮ್ಮ ಮಣ್ಣು ಹೋಗುತ್ತಿದೆ ಎಂದರ್ಥ. ತರಗೆಲೆ ಮುಚ್ಚಿದ ಜಾಗದಿಂದ ಬರುವ ನೀರು ಅದೇ ಮಳೆಯಲ್ಲಿಯೂ ಚಹಾದ ಬಣ್ಣದಲ್ಲಿ, ಮಣ್ಣಿಲ್ಲದೆ ಬರುತ್ತದೆ. ಈ ವ್ಯತ್ಯಾಸವನ್ನು ಒಮ್ಮೆ ಕಣ್ಣಾರೆ ಕಂಡರೆ ಮೂರನೇ ಹಂತವನ್ನು ನಾನು ವಿವರಿಸುವ ಅಗತ್ಯವೇ ಇಲ್ಲ.

ಆಮೇಲೆ ಬಿಸಿಲು. ಡಿಸೆಂಬರ್ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ತರಕಾರಿ ಸಾಲಿನ ತೆಂಕು ಬದಿಯಲ್ಲಿ ದೊಡ್ಡ ಮರ ಇದ್ದರೆ ಚಳಿಗಾಲದ ಹರಿವೆ, ಬದನೆಗೆ ಬಿಸಿಲೇ ಸಿಗುವುದಿಲ್ಲ. ಅಡಿಕೆಗೆ ಇದರ ವಿರುದ್ಧ ತೊಂದರೆ: ನೈಋತ್ಯದ ಮಧ್ಯಾಹ್ನದ ಬಿಸಿಲು ಎಳೆ ಮರದ ಕಾಂಡವನ್ನು ಸುಡುತ್ತದೆ, ಹಾಗಾಗಿ ಆ ಬದಿಗೆ ನೆರಳು ಬೇಕು. ಮಳೆಗಾಲದ ಗಾಳಿ ಪಡುವಣದ ಕಡೆಯಿಂದ ಬರುವುದರಿಂದ ಬಾಳೆಯನ್ನು ಬಯಲಾದ ಪಡುಬದಿಯಲ್ಲಿ ಇಡಬೇಡಿ. ಏಪ್ರಿಲ್‌ನಲ್ಲಿ ಬಾವಿಯ ನೀರು ಎಷ್ಟು ಮೊಳ ಇಳಿಯಿತು ಎಂದು ವಾರಕ್ಕೊಮ್ಮೆ ಬರೆಯಿರಿ.

ಒಂದು ವರ್ಷ ಏನೂ ನೆಡಬಾರದೇ? ನೆಡಬಹುದು. ಅಲಸಂಡೆ, ಬೆಂಡೆ, ಹೀರೆ ಮುಂತಾದ ನಾಲ್ಕು ತಿಂಗಳ ಬೆಳೆ ಧಾರಾಳವಾಗಿ ಹಾಕಿ. ನಲವತ್ತು ವರ್ಷ ನಿಲ್ಲುವ ಮರವನ್ನು ಮಾತ್ರ ಮುಂದಿನ ವರ್ಷಕ್ಕೆ ಇಡಿ.

ಹಂತ 2: ನೀರು

ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಆ ಲೆಕ್ಕದಲ್ಲಿ 25 ಸೆಂಟ್ಸ್ ಜಾಗದ ಮೇಲೆ ವರ್ಷಕ್ಕೆ 40 ಲಕ್ಷ ಲೀಟರ್ ನೀರು ಬೀಳುತ್ತದೆ. 1000 ಚದರ ಅಡಿಯ ಮಾಡಿನ ಮೇಲೆಯೇ ಮೂರೂವರೆ ಲಕ್ಷ ಲೀಟರಿಗಿಂತ ಹೆಚ್ಚು. ಇಷ್ಟಿದ್ದೂ ಮಾರ್ಚ್‌ನಲ್ಲಿ ಬಾವಿ ಬತ್ತುತ್ತದೆ ಎಂದರೆ ನಾವು ನೀರನ್ನು ನಿಲ್ಲಲು ಬಿಟ್ಟಿಲ್ಲ ಎಂದೇ.

ಪರ್ಮಾಕಲ್ಚರ್ ವಿಡಿಯೋಗಳಲ್ಲಿ ಮೊದಲು ತೋರಿಸುವುದು 'ಸ್ವೇಲ್'. ಅಂದರೆ ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ತೋಡುವ ಉದ್ದನೆಯ ಅಗಳು. ಬಿದ್ದ ನೀರು ಹರಿಯದೆ ಅಲ್ಲೇ ನಿಂತು ಇಂಗುತ್ತದೆ. ವರ್ಷಕ್ಕೆ 500-600 ಮಿ.ಮೀ. ಮಳೆಯ ಒಣ ಸೀಮೆಗೆ ಇದು ಬಹಳ ಒಳ್ಳೆಯದು. ನಮ್ಮ ಗುಡ್ಡೆಗಳಲ್ಲಿ ಇದನ್ನು ಕಣ್ಣುಮುಚ್ಚಿ ಮಾಡಿದರೆ ಜೀವಕ್ಕೆ ಅಪಾಯ.

ಕಾರಣ ಕಾಲಡಿಯಲ್ಲೇ ಇದೆ. ಮೇಲೆ ಮುರಕಲ್ಲಿನ ಪದರ, ಅದರ ಕೆಳಗೆ ಎಷ್ಟೋ ಕಡೆ ಶೇಡಿ ಮಣ್ಣು: ಬಿಳಿ, ಗುಲಾಬಿ, ಹಳದಿ ಬಣ್ಣದ ನಯವಾದ ಮಣ್ಣು. ಒಣಗಿದಾಗ ಗಟ್ಟಿ ಗೋಡೆಯ ಹಾಗೆ ನಿಲ್ಲುತ್ತದೆ, ನೀರು ಕುಡಿದಾಗ ಬೆಣ್ಣೆಯ ಹಾಗೆ ಜಾರುತ್ತದೆ. ಗುಡ್ಡೆ ಕಡಿದು ಮನೆ ಕಟ್ಟಿದ ಕಡೆಗಳಲ್ಲೆಲ್ಲ ಮನೆಯ ಹಿಂದೆ ಈ ಮಣ್ಣು ಬಯಲಾಗಿ ನಿಂತಿರುತ್ತದೆ. ಅದರ ತಲೆಯ ಮೇಲೆ ಇಂಗುಗುಂಡಿ ತೋಡಿದರೆ ಧರೆ, ಅಂದರೆ ಗುಡ್ಡೆ ಕಡಿದಾಗ ಉಳಿದ ಆ ಕಡಿದಾದ ಮಣ್ಣಿನ ಗೋಡೆ, ಕುಸಿಯುವುದನ್ನು ನಾವೇ ಕರೆದ ಹಾಗೆ. ಈ ತಪ್ಪು ನಾನು ಮಾಡಿದ್ದೇನೆ. ಅಡುಗೆಮನೆಯ ಹಿಂದಿನ ಧರೆಯ ಮೇಲೆ ಮೂರು ಗುಂಡಿ ತೋಡಿಸಿದ್ದೆ. ಜುಲೈಯ ಒಂದು ರಾತ್ರಿ ಧರೆ ಜರಿದು ಮಣ್ಣು ಕಿಟಕಿಯ ಮಟ್ಟಕ್ಕೆ ಬಂದು ನಿಂತಿತು. ಮಕ್ಕಳು ಮಲಗಿದ್ದದ್ದು ಆಚೆ ಕೋಣೆಯಲ್ಲಿ. ಅಂದಿನಿಂದ ಈ ಎಚ್ಚರಿಕೆ ಹೇಳದೆ ನಾನು ಯಾರಿಗೂ ಇಂಗುಗುಂಡಿಯ ಸಲಹೆ ಕೊಡುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಮನೆಯ ಹಿಂದೆ ಕಡಿದ ಧರೆ ಇದ್ದರೆ ಅದರ ಮೇಲೆ ಏನನ್ನೂ ತೋಡಬೇಡಿ. ಮೇಲಿಂದ ಬರುವ ನೀರನ್ನು ಕಲ್ಲು ಹಾಸಿದ ಕಣಿಯಲ್ಲಿ (ಚರಂಡಿಯಲ್ಲಿ) ಬದಿಗೆ ತಿರುಗಿಸಿ. ಧರೆಯ ಮೇಲೆ ಲಾವಂಚದ ಸಾಲು ನೆಡಿ, ಅದರ ಬೇರು ಅಡ್ಡ ಹೋಗದೆ ನೇರ ಆಳಕ್ಕೆ ಇಳಿಯುತ್ತದೆ. ಮೇಲುಭಾಗದ ನೆಲ ಬಿರುಕು ಬಿಟ್ಟಿದ್ದರೆ, ಮರಗಳು ಹೊಸದಾಗಿ ವಾಲಿದ್ದರೆ, ಬುಡದಿಂದ ಕೆಸರು ನೀರು ಒಸರುತ್ತಿದ್ದರೆ ಆ ರಾತ್ರಿ ಅಲ್ಲಿ ಮಲಗಬೇಡಿ. ಪಂಚಾಯತಿಗೂ ತಿಳಿಸಿ.

ಇಳಿಜಾರು ಸಣ್ಣದಿದ್ದು ಕೆಳಗೆ ಮನೆ ಇಲ್ಲದಿದ್ದರೆ ಸಮಮಟ್ಟದ ಗೆರೆ ಹುಡುಕಿ. ಅದಕ್ಕೆ ಆ ಮೂರು ಕೋಲು. ಆರಡಿಯ ಎರಡು ಕೋಲನ್ನು ತುದಿಯಲ್ಲಿ ಕಟ್ಟಿ ಕಾಲು ಅಗಲಿಸಿ. ಮೂರನೆಯದನ್ನು ನಡುವೆ ಅಡ್ಡ ಕಟ್ಟಿ. ತುದಿಯಿಂದ ಹಗ್ಗದಲ್ಲಿ ಕಲ್ಲು ಇಳಿಬಿಡಿ. ಎರಡು ಕಾಲನ್ನೂ ನೆಲಕ್ಕೆ ಊರಿ, ಅಡ್ಡ ಕೋಲಿನಲ್ಲಿ ಹಗ್ಗ ತಾಗಿದ ಕಡೆ ಗುರುತು ಹಾಕಿ. ಈಗ ಕಾಲುಗಳನ್ನು ಅದಲುಬದಲು ಮಾಡಿ, ಅದೇ ಎರಡು ಜಾಗದಲ್ಲಿ ಊರಿ ಮತ್ತೆ ಗುರುತು ಹಾಕಿ. ಎರಡು ಗುರುತಿನ ಸರಿ ನಡುವೆ ಹಗ್ಗ ಬಂದರೆ ಎರಡೂ ಕಾಲು ಒಂದೇ ಮಟ್ಟದಲ್ಲಿವೆ ಎಂದು ಲೆಕ್ಕ. ಹೀಗೆ ಒಂದೊಂದು ಹೆಜ್ಜೆ ಇಡುತ್ತಾ ಹೋದಲ್ಲಿ ಗೂಟ ಹೊಡೆಯಿರಿ. ನೀವು ಕಣ್ಣಳತೆಯಲ್ಲಿ ಊಹಿಸಿದ ಗೆರೆಗೂ ಈ ಗೂಟದ ಸಾಲಿಗೂ ಎಷ್ಟು ವ್ಯತ್ಯಾಸ ಬರುತ್ತದೆ ಎಂದು ನೋಡುವಾಗ ಆಶ್ಚರ್ಯವಾಗುತ್ತದೆ.

ಆ ಗೆರೆಯ ಮೇಲೆ ಅಗಳು ತೋಡುವ ಬದಲು ಮಡಲು (ತೆಂಗಿನ ಗರಿ), ಸೊಪ್ಪಿನ ಕಡ್ಡಿ, ಕಲ್ಲು ಜೋಡಿಸಿ ಒಂದಡಿಯ ತಡೆ ಮಾಡುವುದು ನಮ್ಮ ಮಳೆಗೆ ಹೆಚ್ಚು ಕ್ಷೇಮ. ತೋಡುವುದೇ ಆದರೆ ಒಂದಡಿಗಿಂತ ಆಳ ಬೇಡ, ಹೆಚ್ಚಾದ ನೀರು ಹೋಗಲು ಕಲ್ಲು ಕಟ್ಟಿದ ದಾರಿ ಬೇಕೇ ಬೇಕು. ಇಂಗುಗುಂಡಿ ಶೌಚದ ಗುಂಡಿಯ ಹತ್ತಿರ ಬೇಡ, ಮನೆಯ ಪಂಚಾಂಗಕ್ಕೆ (ಅಡಿಪಾಯಕ್ಕೆ) ತಾಗಿಯೂ ಬೇಡ.

ಸಮತಟ್ಟು ಜಾಗದವರಿಗೆ ಸುಲಭದ ಕೆಲಸ ಮಾಡಿನ ನೀರನ್ನು ಬಾವಿಗೆ ಬಿಡುವುದು. ಮೊದಲ ನಾಲ್ಕೈದು ಮಳೆಯ ನೀರು ಹೊರಗೆ ಹೋಗಲಿ. ಆಮೇಲಿನದ್ದು ಜಲ್ಲಿ, ಇದ್ದಿಲು, ಮರಳಿನ ಸೋಸು ತೊಟ್ಟಿ ದಾಟಿ ಬಾವಿಗೆ ಇಳಿಯಲಿ. ತೋಟ ತಗ್ಗಿನಲ್ಲಿದ್ದರೆ ನಿಮಗೆ ಬೇಕಾದದ್ದು ಇಂಗಿಸುವುದಲ್ಲ, ಕಣಿ ಬಿಡಿಸುವುದು. ನೀರು ನಿಂತ ಬುಡದಲ್ಲಿ ಅಡಿಕೆಯೂ ಉಳಿಯದು, ಕಾಳುಮೆಣಸಂತೂ ಒಂದೇ ಮಳೆಗಾಲದಲ್ಲಿ ಸೊರಗು ರೋಗ ಹಿಡಿದು ಹೋಗುತ್ತದೆ.

ದಕ್ಷಿಣ ಕನ್ನಡದ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡೆಯಲ್ಲಿ ಒಬ್ಬರೇ ಕೈಯಾರೆ ಸುರಂಗ ಕೊರೆದು ನೀರು ತಂದು ತೋಟ ಮಾಡಿದರು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರನ್ನು ನೋಡಿ ಕಲಿಯಬೇಕಾದದ್ದು ಗುಡ್ಡೆಯ ಗುಣ ತಿಳಿದು ಕೆಲಸ ಮಾಡುವುದನ್ನು. ಸುರಂಗ ಕೊರೆಯುವ ಸಾಹಸಕ್ಕೆ ದಯವಿಟ್ಟು ಇಳಿಯಬೇಡಿ, ಅದು ಅನುಭವಸ್ಥರ ಕೆಲಸ.

ಹಂತ 3: ಮಣ್ಣನ್ನು ಮುಚ್ಚಿ

ಅಷ್ಟು ಮಳೆಗೆ ತೊಳೆದುಹೋಗಿ ನಮ್ಮ ಕೆಂಪುಮಣ್ಣು ಹುಳಿಯಾಗಿದೆ, ಸುಣ್ಣದಂಶ ಕಡಿಮೆ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಬ್ರಹ್ಮಾವರದಲ್ಲಿ, ಮಂಗಳೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ, ಎಷ್ಟು ಸುಣ್ಣ ಎಂದು ಅಲ್ಲಿ ಕೇಳಿ ಹಾಕಿ. ಸುಣ್ಣ ಮತ್ತು ಹಟ್ಟಿಗೊಬ್ಬರ ಒಟ್ಟಿಗೆ ಹಾಕಬೇಡಿ, ಗೊಬ್ಬರದ ಸಾರಜನಕ ಗಾಳಿಗೆ ಹಾರಿಹೋಗುತ್ತದೆ. ನಡುವೆ ಕೆಲವು ವಾರ ಬಿಡಿ.

ಇನ್ನುಳಿದದ್ದು ಒಂದೇ ಕೆಲಸ: ಬರಿ ನೆಲ ಕಾಣಬಾರದು. ತರಗೆಲೆ, ಮಡಲು, ಅಡಿಕೆ ಸೋಗೆ, ತೆಂಗಿನ ಸಿಪ್ಪೆ, ಬಾಳೆದಿಂಡು ಎಲ್ಲವೂ ಮುಚ್ಚಿಗೆಯೇ. ಅಂಗಳ ಗುಡಿಸಿದ ಕಸಕ್ಕೆ ಬೆಂಕಿ ಹಾಕುವ ಅಭ್ಯಾಸ ನಿಲ್ಲಿಸಿದರೆ ಅರ್ಧ ಕೆಲಸ ಮುಗಿಯಿತು. ಸೊಪ್ಪು, ಕಸದ ಜೊತೆ ಮಣ್ಣನ್ನು ಸುಟ್ಟು ಮಾಡುವ ಸುಡುಮಣ್ಣಿನ ಬಗ್ಗೆ ಕೇಳುತ್ತೀರಿ. ತರಕಾರಿ ಸಾಲಿಗೆ ಒಂದೆರಡು ಬುಟ್ಟಿ ಹಾಕಿದರೆ ಒಳ್ಳೆಯದೇ, ಬೂದಿಯಿಂದ ಹುಳಿ ತಗ್ಗುತ್ತದೆ, ಪೊಟ್ಯಾಷ್ ಸಿಗುತ್ತದೆ. ಅದಕ್ಕಾಗಿ ಇಡೀ ಗುಡ್ಡೆಯ ಸೊಪ್ಪು ಸವರಿ ಸುಡುವುದು ಮಾತ್ರ ನನಗೆ ಸಮ್ಮತವಿಲ್ಲ.

ಮುಚ್ಚಿಗೆಯಲ್ಲಿ ಎಚ್ಚರ ಇರಬೇಕಾದದ್ದು:

ಮಳೆಗಾಲದಲ್ಲಿ ಸಣ್ಣ ಗಿಡದ ಬುಡಕ್ಕೆ ತಾಗಿಸಿ ದಪ್ಪ ಹಾಕಬೇಡಿ. ಬುಡ ಕೊಳೆಯುತ್ತದೆ, ಬಸವನಹುಳು ಮನೆ ಮಾಡುತ್ತದೆ. ಒಂದು ಗೇಣು ಬಿಟ್ಟು ಸುತ್ತ ಹಾಕಿ. ದಪ್ಪದ ಮುಚ್ಚಿಗೆಗೆ ಸರಿಯಾದ ಹೊತ್ತು ಮಳೆ ಬಿಡುವ ಸಮಯ, ಅಕ್ಟೋಬರ್-ನವೆಂಬರ್. ಬೇಸಗೆಯಲ್ಲಿ ಒಣಗಿದ ಮುಚ್ಚಿಗೆಗೆ ಗೆದ್ದಲು ಬಂದರೆ ಹೆದರಬೇಡಿ, ಕಾಂಡ ಏರದಂತೆ ನೋಡಿಕೊಂಡರೆ ಸಾಕು.

ತೆಂಗಿನ ಸಿಪ್ಪೆಗೆ ಒಂದು ಕ್ರಮ ಇದೆ. ಮಣ್ಣಿನೊಳಗೆ ಹೂಳುವುದಾದರೆ ಗುಳಿ ಭಾಗ ಮೇಲೆ, ಅದು ನೀರು ಹಿಡಿದಿಡುತ್ತದೆ. ನೆಲದ ಮೇಲೆ ಹಾಸುವುದಾದರೆ ಕವುಚಿ ಹಾಕಿ. ಮೇಲ್ಮುಖವಾಗಿ ಬಿಟ್ಟ ಸಿಪ್ಪೆ, ಕರಟ, ಅಡಿಕೆ ಹಾಳೆಯಲ್ಲಿ ನಿಂತ ನೀರು ಡೆಂಗಿ ಸೊಳ್ಳೆಯ ತೊಟ್ಟಿಲು.

ಎರಡನೇ ವರ್ಷದ ಅಕ್ಟೋಬರ್‌ನಲ್ಲಿ ಒಂದು ಹಿಡಿ ತರಗೆಲೆ ಎತ್ತಿ ನೋಡಿ. ಮೇಲಿನ ಎಲೆ ಒಣಗಿ ಪೂರ್ತಿ ಇರುತ್ತದೆ. ಅದರ ಕೆಳಗಿನದ್ದಕ್ಕೆ ನರ ಮಾತ್ರ ಉಳಿದಿರುತ್ತದೆ, ಬಲೆಯ ಹಾಗೆ. ಅದಕ್ಕೂ ಕೆಳಗೆ ಬಿಳಿ ಶಿಲೀಂಧ್ರದ ನೂಲು, ಮತ್ತೆ ಎರೆಹುಳು ಉಗುಳಿದ ಸಣ್ಣ ಸಣ್ಣ ಮಣ್ಣಿನ ಉಂಡೆ. ಮೂಗಿನ ಹತ್ತಿರ ಹಿಡಿದರೆ ಮೊದಲ ಮಳೆಯ ವಾಸನೆ. ಇದು ಕಂಡ ದಿನ ನೀವು ಮರ ನೆಡಬಹುದು ಎಂದು ತಿಳಿಯಿರಿ.

ಹಂತ 4: ಯಾವುದು ಎಲ್ಲಿ?

ಪರ್ಮಾಕಲ್ಚರ್‌ನಲ್ಲಿ ಜಾಗವನ್ನು 'ವಲಯ' ಎಂದು ಸೊನ್ನೆಯಿಂದ ಐದರವರೆಗೆ ವಿಂಗಡಿಸುತ್ತಾರೆ. ನಿಮ್ಮ ಕಾಲು ದಿನಕ್ಕೆ ಎಷ್ಟು ಸಲ ಅಲ್ಲಿಗೆ ಹೋಗುತ್ತದೆ ಎಂಬುದೇ ಅಳತೆ.

ಸೊನ್ನೆ ಮನೆ. ಒಂದನೆಯದು ಅಡುಗೆಮನೆಯ ಬಾಗಿಲಿನಿಂದ ಬರಿಗಾಲಲ್ಲಿ ಹೋಗುವ ದೂರ: ಬೇವಿನೆಲೆ (ಕರಿಬೇವು), ಗಾಂಧಾರಿ ಮೆಣಸು, ಚಕ್ರಮುನಿ, ಒಂದೆಲಗ, ಬಸಳೆ. ಒಗ್ಗರಣೆಗೆ ಇಟ್ಟು ಬೇವಿನೆಲೆ ಕೊಯ್ದು ತರುವಷ್ಟು ಹತ್ತಿರ ಇರಬೇಕು. ಎರಡನೆಯದರಲ್ಲಿ ಕೋಳಿಗೂಡು, ಹಟ್ಟಿ, ಪಪ್ಪಾಯಿ, ಬಾಳೆ, ನುಗ್ಗೆ. ಮೂರು ಅಡಿಕೆ ತೋಟ ಅಥವಾ ಗದ್ದೆ. ನಾಲ್ಕು ಸೊಪ್ಪು, ತರಗೆಲೆ, ಸೌದೆ ಕೊಡುವ ಗುಡ್ಡೆ. ಐದು ಕೈ ಹಾಕದೆ ಬಿಡುವ ಜಾಗ.

ಐದನೆಯದು ಏನೆಂದು ಪೇಟೆಯವರಿಗೆ ವಿವರಿಸಬೇಕಾಗಬಹುದು, ನಾಗಬನ ನೋಡಿದವರಿಗೆ ಬೇಡ. ಕತ್ತಿ ತಾಗಿಸದೆ ಬಿಟ್ಟ ಬನದೊಳಗೆ ಹಾವು, ಮುಂಗುಸಿ, ಹಕ್ಕಿ, ಬೀಜ, ನೀರು ಎಲ್ಲ ತಮ್ಮಷ್ಟಕ್ಕೆ ಇದ್ದವು. ಬನದ ಮರ ಕಡಿದು ಕಾಂಕ್ರೀಟು ಕಟ್ಟೆ ಮಾಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹತ್ತು ಸೆಂಟ್ಸ್ ಇದ್ದರೂ ಒಂದು ಮೂಲೆ ಹಾಗೇ ಬಿಡಿ. ನಾಲ್ಕನೇ ವಲಯಕ್ಕೆ ಜಾಗವಿಲ್ಲದವರು ಬೇಲಿಯಲ್ಲಿ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾದ ಮೊಳದುದ್ದದ ಕೋಲುಗಳನ್ನು ಮಳೆ ಹಿಡಿದ ಕೂಡಲೇ ಊರಿ. ಅದು ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿಯುತ್ತದೆ. ವರ್ಷಕ್ಕೆ ಎರಡು ಮೂರು ಸಲ ಸವರಿ ತೆಂಗಿನ ಬುಡಕ್ಕೆ ಹಾಕಬಹುದು.

ಹಂತ 5: ಈಗ ಗಿಡ

ಕಾಡಿನ ಹಾಗೆ ಪದರ ಪದರವಾಗಿ ನೆಡುವುದು ಇಲ್ಲಿಯ ಕ್ರಮ. ಒಂದು ಮಾದರಿ ಹೇಳುತ್ತೇನೆ. ತೆಂಗಿನ ಗಿಡಗಳ ನಡುವೆ ಕನಿಷ್ಠ 25 ಅಡಿ ಇಡಿ. ಆ ಎಡೆಯಲ್ಲಿ ಮೊದಲ ವರ್ಷಗಳಿಗೆ ಬಾಳೆ, ಪಪ್ಪಾಯಿ. ಅಂಚಿಗೆ ಪುನರ್ಪುಳಿ, ಜೀಗುಜ್ಜೆ. ಹಲಸಿಗೆ ಮೂವತ್ತು ಅಡಿಯಾದರೂ ಬೇಕು, ಅದರ ಕಾಂಡಕ್ಕೆ ಮುಂದೆ ಕಾಳುಮೆಣಸು ಹಬ್ಬಿಸಬಹುದು. ಅರೆನೆರಳಿನಲ್ಲಿ ಸುವರ್ಣಗಡ್ಡೆ, ಕೂವೆ, ಅರಿಶಿನ, ಪತ್ರೊಡೆಯ ಕೆಸು. ಬಿಸಿಲಿನ ಅಂಚಿಗೆ ಅನಾನಸು, ಅದು ಮಣ್ಣನ್ನೂ ಹಿಡಿಯುತ್ತದೆ.

ಸಾಮಾನ್ಯ ತಪ್ಪು ಒತ್ತೊತ್ತಾಗಿ ನೆಡುವುದು. ಒಂದಡಿಯ ಹಲಸಿನ ಸಸಿ ನೋಡುವಾಗ ಪಕ್ಕದಲ್ಲಿ ಇನ್ನೂ ಮೂರು ಹಿಡಿಯುತ್ತದೆ ಅನಿಸುತ್ತದೆ. ಹತ್ತು ವರ್ಷದ ನಂತರದ ಮರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಗುಂಡಿ ತೋಡಿ.

ಇನ್ನೊಂದು, ಪರದೇಶದ ಪಟ್ಟಿ. ಚಳಿ ದೇಶದ ಪುಸ್ತಕಗಳಲ್ಲಿ ಹೊಗಳುವ, ಗೊಬ್ಬರಕ್ಕೆ ಸೊಪ್ಪು ಕೊಡುವ ಕಾಮ್‌ಫ್ರೀ ಗಿಡವನ್ನು ದುಡ್ಡು ಕೊಟ್ಟು ತರಿಸುವುದು ಬೇಡ, ಅದು ಮಾಡುವ ಕೆಲಸಕ್ಕೆ ನಮ್ಮಲ್ಲಿ ಗೊಬ್ಬರದ ಗಿಡ ಇದೆ. ನೆಲ ಮುಚ್ಚುತ್ತದೆ ಎಂದು ಹಳದಿ ಹೂವಿನ ಸಿಂಗಾಪುರ ಡೈಸಿ ತರಬೇಡಿ. ಅದು ಹಿತ್ತಿಲು ದಾಟಿ ತೋಡಿನ ಬದಿಯನ್ನೆಲ್ಲ ನುಂಗುತ್ತದೆ. ಬೇಗ ಬೆಳೆಯುತ್ತದೆ ಎಂದು ಅಕೇಶಿಯಾ ಕೂಡ ಬೇಡ, ಅದರ ತರಗೆಲೆ ಕರಗಲು ಬಹಳ ಕಾಲ ಬೇಕು, ಕೆಳಗೆ ಬೇರೇನೂ ಏಳುವುದಿಲ್ಲ.

ಹಂದಿ ಕಾಟ ಇರುವ ಊರಿನವರು ಗಡ್ಡೆಗಳನ್ನು ಗುಡ್ಡೆಯ ಬದಿಗೆ ಹಾಕದೆ ಮನೆಯ ಹತ್ತಿರ ತನ್ನಿ.

ಅಡಿಕೆ ತೋಟ ಇರುವವರು ಅದನ್ನು ಕಡಿಯಬೇಡಿ. ಈ ಕ್ರಮದಿಂದ ಮೊದಲ ವರ್ಷಗಳಲ್ಲಿ ಅಡಿಕೆಯಷ್ಟು ಹಣ ಬರುವುದಿಲ್ಲ, ಹಾಗೆ ಬರುತ್ತದೆ ಎಂದು ಹೇಳುವವರನ್ನು ನಂಬಬೇಡಿ. ಇರುವ ತೋಟದೊಳಗೇ ಕಾಳುಮೆಣಸು, ಬಾಳೆ, ಜಾಯಿಕಾಯಿ, ಕೊಕ್ಕೋ ಸೇರಿಸುತ್ತಾ ಬನ್ನಿ.

ಹಂತ 6: ಕೋಳಿ, ಜೇನು, ದನ

ದನ ಸಾಕಲು ಆಗದಿದ್ದರೆ ಬೇಸರ ಬೇಡ, ನೆರೆಮನೆಯ ಹಟ್ಟಿಯಿಂದ ಸಗಣಿ ತನ್ನಿ. ನಾಲ್ಕು ನಾಟಿಕೋಳಿ ಬಾಳೆಯ ಬುಡ ಕೆದಕಿ ಹುಳ ತಿನ್ನುತ್ತವೆ, ಆದರೆ ತರಕಾರಿ ಸಾಲಿಗೆ ಬೇಲಿ ಹಾಕದೆ ಬಿಡಬೇಡಿ. ಒಂದು ಪೆಟ್ಟಿಗೆ ತುಡುವೆ ಜೇನು ಇಟ್ಟರೆ ಸೌತೆ, ಹಾಗಲದ ಕಾಯಿ ಕಚ್ಚುವುದರಲ್ಲಿಯೇ ವ್ಯತ್ಯಾಸ ಗೊತ್ತಾಗುತ್ತದೆ.

ಹಂತ 7: ಹಂಚುವುದು ಮತ್ತು ಬೀಜ

ಮೂರನೇ ನೀತಿಯನ್ನು ಕೊನೆಗೆ ಇಟ್ಟದ್ದು ಅದು ಸಣ್ಣದೆಂದಲ್ಲ, ಹಂಚಲು ಏನಾದರೂ ಬೆಳೆದಿರಬೇಕು ಎಂದು. ನನಗೆ ಪರ್ಮಾಕಲ್ಚರ್ ಬದುಕುವ ಕ್ರಮ ಅನಿಸಿದ್ದು ಇಲ್ಲಿಯೇ. ಎಷ್ಟು ಸಾಕು ಎಂದು ಒಮ್ಮೆ ಗೊತ್ತಾದರೆ ಮಿಕ್ಕಿದ್ದು ತಾನಾಗಿ ಬೇಲಿ ದಾಟುತ್ತದೆ. ಆಚೆಯಿಂದ ಅಮಟೆಕಾಯಿಯೋ ಬಸಳೆಯ ದಂಟೋ ಬರುತ್ತದೆ. ಹೀಗೆ ಬಂದ ಬಸಳೆ ದಂಟು ನೆಟ್ಟರೆ ನರ್ಸರಿಯದ್ದಕ್ಕಿಂತ ಬೇಗ ಹಿಡಿಯುತ್ತದೆ, ಅದು ನಿಮ್ಮ ಮಣ್ಣಿಗೆ ಒಗ್ಗಿದ ಗಿಡ.

ಬೀಜಕ್ಕೆ ಸಾಲಿನ ಮೊದಲ ಒಳ್ಳೆಯ ಕಾಯಿಯನ್ನೇ ಬಿಡಿ. ಕೊನೆಗೆ ಉಳಿದ ಸೊಟ್ಟಕಾಯಿಯಿಂದ ಬೀಜ ಮಾಡಬೇಡಿ. ಅಲಸಂಡೆ ಬಳ್ಳಿಯಲ್ಲೇ ಒಣಗಲಿ, ಬಿಡಿಸಿ ಒಲೆಯ ಬೂದಿಯಲ್ಲಿ ಹೊರಳಿಸಿ ಬಾಟಲಿಗೆ ಹಾಕಿ. ಹೀರೆಯನ್ನು ಒಡೆಯದೆ ಒಣಕಾಯಿಯಾಗಿಯೇ ಒಲೆಯ ಮೇಲೆ ಹೊಗೆ ತಾಗುವಲ್ಲಿ ನೇತುಹಾಕಿ. ಮಂಗಳೂರು ಸೌತೆಯನ್ನು ಬಾಳೆಯ ನಾರಿನಲ್ಲಿ ಒಂದರ ಕೆಳಗೊಂದು ಕಟ್ಟಿ, ಒಂದಕ್ಕೊಂದು ತಾಗದ ಹಾಗೆ ಜಂತಿಗೆ ತೂಗುಹಾಕಿ. ಮಳೆಗಾಲದ ನಡುವಿನವರೆಗೂ ಸಾಂಬಾರಿಗೆ ಬರುತ್ತದೆ. ಕೊಯ್ದಾಗ ಚೆನ್ನಾಗಿ ಬಲಿತ ಬೀಜ ಸಿಕ್ಕಿದರೆ ತೊಳೆದು, ಬೂದಿ ಸವರಿ, ನೆರಳಲ್ಲಿ ಒಣಗಿಸಿ ಎತ್ತಿಡಿ.